ಕೈ ಎತ್ತಿದವರು ಹೆಸರೂ ಹೇಳಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದು ಕೂಡಿರುವ ಎಲ್ಲರಿಗೂ, ನಮ್ಮನ್ನು ಅಗಲಿದ ಚಂದವ್ವನವರ ತಮ್ಮ ಮಾಳಿಂಗಪ್ಪನವರಿಗೂ ಅವರ ಮನೆಮಂದಿಗೂ ನಮಸ್ಕಾರ.

ವಿಕಲಚೇತನರ ಈ ಸಂಘದ ಕಾರ್ಯದರ್ಶಿಯಾಗಿ ನಾನು, ಪಂಢರಿನಾಥ, ಅಧ್ಯಕ್ಷರಾಗಿದ್ದ ಚಂದವ್ವನವರ ಜೊತೆ ಇಷ್ಟು ವರ್ಷ ದುಡಿದೆ. ನಾಲ್ಕು ಒಳ್ಳೆಯ ಮಾತು ಹೇಳಿ ಕೂತುಬಿಡಬೇಕೆಂದಿದ್ದೆ. ಆಗುತ್ತಿಲ್ಲ — ಸಿಟ್ಟು ಬಂದಿದೆ.

ಸಂಘ ಹುಟ್ಟಿದ ಬಗೆ ಹೊಸಬರಿಗೆ ಗೊತ್ತಿರಲಿ. ಇಂಡಿಯ ಹಿರಿಯರು ಮೊದಲ ಸಭೆ ಕರೆದರು. ಎಲ್ಲಿ? ಮಾಳಿಗೆಯ ಮೇಲೆ! ಪೋಲಿಯೊದಿಂದ ಎರಡೂ ಕಾಲು ಸೋತ ಚಂದವ್ವ ಹೊರ್ತಿಯಿಂದ ಬಂದು ಮೆಟ್ಟಿಲ ಬುಡದಲ್ಲಿ ಕೂತರು. ಎತ್ತಿಕೊಂಡು ಹೋಗುತ್ತೇವೆ ಎಂದವರಿಗೆ ಹೀಗೆ — ಕೈ ಅಡ್ಡ ಹಿಡಿದು — "ಯಾಕ್ರಿ, ನಾ ಏನ್ ಜ್ವಾಳದ ಚೀಲೇನು? ನಿಮಗ ಕಾಲ್ ಅದಾವಲ್ಲ, ನೀವೇ ಕೆಳಗ ಬರ್ರಿ" ಎಂದರು. ಹಿರಿಯರು ಇಳಿದರು. ರಸ್ತೆ ಬದಿಯಲ್ಲೇ ಸಭೆ ನಡೆದು, ಚಂದವ್ವನವರೇ ಅಧ್ಯಕ್ಷರಾದರು.

ಆಮೇಲೆ ಪಿಂಚಣಿಗೆ ಜಗಳ, ಬಸ್ ಪಾಸಿಗೆ ಜಗಳ. ಸಂಘ ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ತಂಗಡಗಿಯಿಂದ ಶಮ್ಶುನ್ನೀಸಾ ಬಂದರು. ಹುಟ್ಟಿನಿಂದ ಕಣ್ಣು ಕಾಣದವರು. ಅವರ ಮೊದಲ ಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ, "ಏನಾತ್ರಿ? ಯಾರ್ ಹೂಂ ಅಂದ್ರು?" ಎಂದು ಕೇಳಿದರು. ಚಂದವ್ವ ಸಭೆಯನ್ನೇ ನಿಲ್ಲಿಸಿದರು. "ಇನ್ನ ಮ್ಯಾಲ ಕೈ ಎತ್ತಿದವ್ರು ಹೆಸ್ರೂ ಹೇಳ್ರಿ. ಕಿವಿ ಕೇಳದವ್ರು ನೋಡ್ಲಿ, ಕಣ್ಣು ಕಾಣದವ್ರು ಕೇಳ್ಲಿ." ಅದೇ ನಮ್ಮ ನಿಯಮವಾಯಿತು.

ಶಮ್ಶುನ್ನೀಸಾ ಇಂದು ನಮ್ಮ ಉಪಾಧ್ಯಕ್ಷೆ. ಚಂದವ್ವನ ನಂತರ ಅಧ್ಯಕ್ಷರ ಜಾಗ ಅವರದು. ಆದರೆ ಇವತ್ತು ಬೆಳಿಗ್ಗೆ ಸಮಿತಿ ಕೂಡಿದಾಗ ಏನಾಯಿತು? ಮಾಳಿಂಗಪ್ಪನವರೇ, ನೀವು ದುಃಖದಲ್ಲಿದ್ದೀರಿ, ಆದರೂ ಹೇಳಲೇಬೇಕು. "ಅಕ್ಕ ಕಟ್ಟಿದ್ದು ಹಾಳಾಗಬಾರ್ದು. ಆಫೀಸಿಗೆ ಅಡ್ಡಾಡಾಕ ಕಣ್ಣು ಕಾಲು ನೆಟ್ಟಗಿದ್ದವ್ರು ಬೇಕು. ಪಂಢರಿನಾಥ ಮಾಸ್ತರ್ನ್ನ ಅಧ್ಯಕ್ಷ ಮಾಡೂಣು" ಅಂದಿರಂತೆ. ಕೈಗಳು ಎದ್ದವು. ಒಂದು ಹೆಸರಿಲ್ಲ, ಒಂದು ದನಿಯಿಲ್ಲ.

ಹೊರಗೆ ಪೆಂಡಾಲು ಹಾಕಿಸುತ್ತಿದ್ದ ನಾನು ಒಳಗೆ ಬಂದಾಗ ಎಲ್ಲ ಮುಗಿದಿತ್ತು; ಬಾಗಿಲಲ್ಲೇ ಸಮಿತಿಯವರೊಬ್ಬರು ನಡೆದದ್ದು ಹೇಳಿದರು. ಶಮ್ಶುನ್ನೀಸಾ ನನ್ನ ದನಿ ಗುರುತಿಸಿ ನಕ್ಕರು. "ಮಾಸ್ತರ್ರ, ಮಾಳಿಂಗಪ್ಪಗ ಒಬ್ರೂ ಹೂಂ ಅನ್ಲಿಲ್ರಿ. ಚಂದಕ್ಕನ ಮಾತು ಉಳೀತು."

ನಾನು ತಿರುಗಿ ಪೆಂಡಾಲಿಗೆ ಹೋದೆ.

ಈಗ ಎಲ್ಲರೆದುರು ಹೇಳುತ್ತಿದ್ದೇನೆ. ಶಮ್ಶುನ್ನೀಸಾ ಅವರೇ, ಕೈಗಳು ಎದ್ದಿದ್ದವು. ನಿಮ್ಮ ಪಕ್ಕದಲ್ಲಿ ಕೂತವರೇ ಎತ್ತಿದ್ದರು. ನಿಮಗೆ ಗೊತ್ತಾಗದ ಹಾಗೆ ನಿಮ್ಮನ್ನು ಬದಿಗಿಟ್ಟರು. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಡ್ಡಾಡುವುದು ಕಾರ್ಯದರ್ಶಿಯ ಕೆಲಸ, ಅಡ್ಡಾಡುತ್ತೇನೆ. ಆ ಕುರ್ಚಿ ನನಗೆ ಬೇಡ.

ನಮ್ಮಲ್ಲಿ ಯಾರು ತೀರಿಕೊಂಡರೂ ಮೌನಕ್ಕೆ ಕರೆಯುವುದು ಅಧ್ಯಕ್ಷರು. ಆದ್ದರಿಂದ ನಾನು ಕರೆಯಲಾರೆ. ಇಗೋ, ಮೈಕು ನಿಮ್ಮ ಕೈಗೆ ಕೊಡುತ್ತಿದ್ದೇನೆ. ನೀವು ಹೇಳಿದ ಮೇಲೆ ಏಳಬಲ್ಲವರು ಎದ್ದು, ಏಳಲಾಗದವರು ಕೂತಲ್ಲೇ ಚಂದವ್ವನವರನ್ನು ನೆನೆಯುತ್ತೇವೆ. ಅಲ್ಲಿಯವರೆಗೆ ಯಾರೂ ಏಳಬೇಡಿ.

ಹೇಳ್ರಿ, ಅಧ್ಯಕ್ಷರೇ.