ನಾನು ಮೂಸಿ ನೋಡಿದ ಮಣ್ಣು

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತಾಡಿದ ಅತಿಥಿಗಳೇ, ಊಟಕ್ಕೆ ಹೊತ್ತಾದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ಮಣ್ಣು ಪರೀಕ್ಷೆಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದು ಇಂದು ನಿವೃತ್ತನಾಗುತ್ತಿದ್ದೇನೆ. ಹಳೆಯ ಪೆಟ್ರೋಲ್ ಬಂಕುಗಳ ಕೆಳಗೆ ಹೂತಿಟ್ಟ ಟ್ಯಾಂಕುಗಳು ತುಕ್ಕು ಹಿಡಿದು ಸೋರಿದರೆ, ಎಣ್ಣೆ ಎಲ್ಲಿಯವರೆಗೆ ಹರಿದಿದೆ ಎಂದು ಹುಡುಕುವುದು ನನ್ನ ಕೆಲಸ. ನೀವೆಲ್ಲ ನನ್ನನ್ನು ಪ್ರೀತಿಯಿಂದ 'ಮೂಗು ಸಾಹೇಬರು' ಎಂದಿರಿ. ಬೆನ್ನ ಹಿಂದೆ 'ನಾಯಿ ಮೂಗು' ಎಂದಿರಿ, ಅದೂ ಗೊತ್ತು. ಇಂದು ಬೆಳ್ಳಿಯಲ್ಲಿ ಮೂಗನ್ನೇ ಮಾಡಿಸಿ ಕೊಟ್ಟಿದ್ದೀರಿ. ನನ್ನದಕ್ಕಿಂತ ನೆಟ್ಟಗಿದೆ.

ನಮ್ಮ ಕಚೇರಿಯ ರೂಢಿ ನಿಮಗೆ ಗೊತ್ತೇ ಇದೆ. ಕೊರೆಯುವ ಯಂತ್ರ ಬರುವ ಮುನ್ನ ಹಿರಿಯನೊಬ್ಬ ಅಲ್ಲಲ್ಲಿ ಮಣ್ಣು ಕೆದಕಿಸಿ, ಅಂಗೈಯಲ್ಲಿ ಹಿಡಿದು ಮೂಸಿ, 'ಇಲ್ಲಿ ಕೊರೀರಿ, ಅಲ್ಲಿ ಬೇಡ' ಎನ್ನಬೇಕು. ಪ್ರಯೋಗಾಲಯಕ್ಕೆ ಹೋಗುವುದು ಅವನು ತೋರಿಸಿದ ಜಾಗದ ಮಣ್ಣು ಮಾತ್ರ. ತೋರಿಸದ ಜಾಗದ ಮಣ್ಣನ್ನು ಯಾರು ನೋಡಿದ್ದಾರೆ? ಯಾರೂ ನೋಡಿಲ್ಲ, ಸ್ವಾಮಿ.

ಒಂಬತ್ತು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ನಗುವವರು ನಗಲಿ. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಫೈಲುಗಳ ನಡುವೆ ಕೂರಿಸಿಬಿಡುತ್ತಿದ್ದರು. ಆಮೇಲೂ ಮಣ್ಣು ಹಿಡಿದೆ, ಕಣ್ಣು ಮುಚ್ಚಿದೆ, ಉಸಿರೆಳೆದೆ. ಮಣ್ಣಿನ ಬಣ್ಣ ನೋಡಿ, ಜೊತೆಗಿದ್ದವರ ಮುಖ ನೋಡಿ, ಅಂದಾಜಿನ ಮೇಲೆ ಹೇಳಿದೆ. ಬಹಳ ಸಲ ಸರಿಯೇ ಇತ್ತು. ಅದೇ ನನ್ನನ್ನು ಕೆಡಿಸಿತು.

ಆರು ವರ್ಷದ ಹಿಂದೆ ಈ ಜಾಗಕ್ಕೆ ಬಂದೆ. ಹೌದು, ನಾವು ಕುಳಿತಿರುವ ಈ ಸಭಾಂಗಣ, ಪಕ್ಕದ ಶಿಶುಕೇಂದ್ರ, ಎರಡೂ ಎದ್ದು ನಿಂತಿರುವ ಜಾಗ. ನಕ್ಷೆಯಲ್ಲಿ ಮೂರು ಟ್ಯಾಂಕುಗಳಿದ್ದವು, ಮೂರನ್ನೂ ತೆಗೆದಿದ್ದರು. ಹಿಂದೆ ಇಲ್ಲಿದ್ದ ಬಂಕಿನಲ್ಲಿ ದುಡಿದಿದ್ದ ಮುದುಕನೊಬ್ಬ ನನ್ನ ಹಿಂದೆಯೇ ಸುತ್ತುತ್ತಿದ್ದ. ಮೂಲೆಯೊಂದರಲ್ಲಿ ಕುಕ್ಕರುಗಾಲಲ್ಲಿ ಕೂತು, 'ಸಾರ್, ನಾಲ್ಕನೇದು ಇಲ್ಲೇ ಇದೆ. ನಿಮ್ಮ ನಕ್ಷೆಗಿಂತ ಹಳೇದು. ನಾನೇ ಕೋಲು ಇಳಿಸಿ ಎಣ್ಣೆ ಅಳೀತಿದ್ದೆ. ಮೂಸಿ ನೋಡಿ' ಎಂದು ಒಂದು ಹಿಡಿ ಮಣ್ಣು ಕೊಟ್ಟ. ಮೂಸಿದೆ. 'ಬರೀ ಮಣ್ಣು ಕಣಪ್ಪ' ಎಂದೆ. ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, 'ಪಾಪ' ಎಂದು ಎದ್ದುಹೋದ. ಯಾರನ್ನು ಪಾಪ ಅಂದ? ಅಂದು ಅದು ನನಗೇ ಅಂದುಕೊಂಡಿದ್ದೆ. ಜಾಗ ಶುದ್ಧವಾಗಿದೆ ಎಂದು ಬರೆದು ಸಹಿ ಹಾಕಿದೆ.

ಎರಡು ತಿಂಗಳಿಂದ ನನ್ನ ಮೊಮ್ಮಗಳು ಈ ಶಿಶುಕೇಂದ್ರಕ್ಕೆ ಬರುತ್ತಿದ್ದಾಳೆ. ಮನೆಗೆ ಬಂದವಳೇ ನಿದ್ದೆ ಹೋಗುತ್ತಾಳೆ. ಎಬ್ಬಿಸಿದರೆ, 'ತಾತ, ಅಲ್ಲಿ ನೆಲ ಗುಳುಗುಳು ಅನ್ನುತ್ತೆ. ನಾವೆಲ್ಲ ಕಿವಿ ಇಟ್ಟು ಕೇಳ್ತೀವಿ' ಎನ್ನುತ್ತಾಳೆ. ನಿನ್ನೆ ನನ್ನ ಹೆಂಡತಿ ಅವಳ ತಲೆ ಬಾಚುತ್ತಾ, 'ಏನ್ರೀ, ಈ ಕೂದಲು ಪೆಟ್ರೋಲ್ ವಾಸನೆ ಹೊಡೀತಿದೆ. ನೋಡಿ, ನಿಮಗೆ ಗೊತ್ತಾಗುತ್ತಲ್ಲ' ಎಂದು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಆ ಕೂದಲಲ್ಲಿ ಮುಖ ಹುದುಗಿಸಿದೆ. ಏನೂ ಇಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು.

ಬೆಳಿಗ್ಗೆಯೇ ಹೇಳಿಬಿಡಬೇಕೆಂದು ಬಂದೆ. ಕೈಕುಲುಕಿದಿರಿ, ಹೊಗಳಿದಿರಿ, ಬಾಯಿ ಕಟ್ಟಿತು. ಮಗಳು ಎಂದಿನಂತೆ ಮಗುವನ್ನು ಪಕ್ಕದ ಶಿಶುಕೇಂದ್ರದಲ್ಲಿ ಬಿಟ್ಟು ಹೋದದ್ದನ್ನು ಇಲ್ಲಿ ಕುಳಿತೇ ನೋಡಿದೆ. ನನಗೆ ನಾಚಿಕೆಯಾಗುತ್ತಿದೆ.

ಕಿಟಕಿ ಮುಚ್ಚಿ ಬೆಳಿಗ್ಗೆಯಿಂದ ಕುಳಿತಿರುವ ನಿಮಗೆ ಈಗ ಏನೂ ತಿಳಿಯುವುದಿಲ್ಲ. ಆ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. ಮುಂದಿನ ಸಾಲಿನವರು ತೂಕಡಿಸುವುದನ್ನು ಕಂಡು ಭಾಷಣಗಳ ಮಹಿಮೆ ಅಂದುಕೊಂಡಿದ್ದೆ. ಊಟದ ಪಾತ್ರೆ ಹೊತ್ತು ಈಗ ತಾನೇ ಹೊರಗಿನಿಂದ ಬಂದ ಅಡುಗೆಯವರೇ, ಯಾಕೆ ಬಾಗಿಲಲ್ಲೇ ನಿಂತುಬಿಟ್ಟಿರಿ? ನಿಮ್ಮನ್ನೇ ಕೇಳುತ್ತೇನೆ. ಇಲ್ಲಿ ಏನಾದರೂ ವಾಸನೆ ಬರುತ್ತಿದ್ದರೆ ಕೈ ಎತ್ತಿ.

ಐದೂ ಜನ.

ಸಾಕು, ಕೈ ಇಳಿಸಿ. ಒಲೆ ಹಚ್ಚಬೇಡಿ. ಯಾರೂ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಸದ್ದಿಲ್ಲದೆ ಎದ್ದು, ಮೊದಲು ಪಕ್ಕದ ಶಿಶುಕೇಂದ್ರದ ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಿ. ನಿದ್ದೆಯಲ್ಲಿರುತ್ತವೆ, ಎಬ್ಬಿಸುತ್ತಾ ನಿಲ್ಲಬೇಡಿ. ಕೆಂಪು ಫ್ರಾಕಿನವಳು ನನ್ನ ಮೊಮ್ಮಗಳು. ಅವಳನ್ನು ಎತ್ತಿಕೊಳ್ಳುವವರು ಯಾರೇ ಆಗಲಿ, ಅವರಿಗೂ, ಇಷ್ಟು ವರ್ಷ ನನ್ನನ್ನು ನಂಬಿದ ನಿಮಗೂ ವಂದನೆಗಳು. ನಮಸ್ಕಾರ.