ರಾಹೇಲಮ್ಮನ ಅಭ್ಯಂತರ

ಅರವತ್ತೈದನೇ ಇಸವಿ, ಜುಲೈ ತಿಂಗಳು. ಅಲ್ಲ, ಅರವತ್ತಾರು ಇರ್ಬೇಕು. ಅರವತ್ತೈದ್ರಲ್ಲಿ ನನಗೆ ಕೆಲ್ಸಾನೇ ಇರ್ಲಿಲ್ಲ. ಹಾಂ, ಅರವತ್ತಾರು. ಅಜ್ಜೀನ ಕೇಳ್ಬೇಡಿ, ಅವಳು ಆಗ ಶಿವಮೊಗ್ಗದಲ್ಲಿ ಅಪ್ಪನ ಮನೇಲಿದ್ಲು, ಅವಳಿಗೆ ಗೊತ್ತಿರೋದು ಅರ್ಧ. ನನಗೂ ಅರ್ಧವೇ ಅನ್ನಿ, ಆದ್ರೆ ನನ್ನ ಅರ್ಧದಲ್ಲಿ ನೀರಿತ್ತು.

ನಾನು ಬಿಎಸ್ಸಿ ಮುಗಿಸಿ ಭದ್ರಾವತಿ ಕಾರ್ಖಾನೆ ಲ್ಯಾಬಿಗೆ ಸೇರಿದ್ದೆ, ಕಬ್ಬಿಣದ ಪುಡಿ ತೂಗಿ ಆಸಿಡ್ಡಲ್ಲಿ ಕರಗಿಸಿ ಲೆಕ್ಕ ಬರೆಯೋ ಕೆಲ್ಸ, ಇನ್ನೂ ಖಾಯಂ ಆಗಿರ್ಲಿಲ್ಲ. ಹಳೇ ನಗರದಲ್ಲಿ ಒಂದು ರೂಮು, ಒಂದು ಸ್ಟವ್ವು. ಅಕ್ಕಿ ಸಿಗ್ತಿರ್ಲಿಲ್ಲ ಪುಟ್ಟಿ, ನಿಜವಾಗ್ಲೂ ಸಿಗ್ತಿರ್ಲಿಲ್ಲ. ರೇಷನ್ ಅಂಗಡಿ ಮುಂದೆ ಚೀಲ ಸಾಲಾಗಿ ಇಟ್ಟು ಜನ ಪಕ್ಕದಲ್ಲಿ ಕೂತಿರೋರು, ಗೋಧಿ ಕೊಟ್ರೆ ಗೋಧಿ, ಜೋಳ ಕೊಟ್ರೆ ಜೋಳ. ಮದುವೆ ಅಂದ್ರೆ ಅಕ್ಕಿಗೆ ಪರ್ಮಿಟ್ಟು ತರಬೇಕು, ಅದರ ಮೇಲೆ ತಾರೀಖು ಇರುತ್ತೆ, ಅವತ್ತು ಮದುವೆ ಆಗ್ಲಿಲ್ಲ ಅಂದ್ರೆ ಅಕ್ಕೀನೂ ಇಲ್ಲ. ನಮ್ಮ ಮಾವನೋರು, ಅಂದ್ರೆ ನಿಮ್ಮ ಮುತ್ತಜ್ಜ, ಶಿವಮೊಗ್ಗದಲ್ಲಿ ಮೇಷ್ಟ್ರು, ಗುರುವಾರಕ್ಕೆ ಪರ್ಮಿಟ್ಟು ಮಾಡಿಸಿದ್ರು. ಆಷಾಢ ಬೇರೆ, ಊರಲ್ಲಿ ಇನ್ಯಾರದ್ದೂ ಮದುವೆ ಇಲ್ಲ, ಬ್ಯಾಂಡಿನೋರು ಕಡಿಮೆಗೆ ಬರ್ತಾರೆ ಅಂತ ಖುಷಿ ಅವರಿಗೆ. ನನಗೆ ಸಾಹೇಬ್ರು ಕೊಟ್ಟಿದ್ದೂ ಗುರುವಾರ ಶುಕ್ರವಾರ ಎರಡೇ ದಿನ ರಜ. ಅಂದ್ರೆ ಆ ಗುರುವಾರ ತಪ್ಪಿದ್ರೆ ಮತ್ತೆ ಯಾವಾಗ, ಹೇಗೆ, ಯಾರಿಗೂ ಗೊತ್ತಿಲ್ಲ.

ಈಗ ನಮ್ಮ ಮೆಥಡಿಸ್ಟ್ ಸಭೇಲಿ ಒಂದು ಪದ್ಧತಿ ಇದೆಯಲ್ಲ, ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಲ್ಲಿ ಪ್ರಕಟಣೆ ಓದೋದು. ಇಂಥೋರ ಮಗನಿಗೂ ಇಂಥೋರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಯಾರಿಗಾದ್ರೂ ಅಭ್ಯಂತರ ಇದ್ರೆ ಈಗಲೇ ಹೇಳಿ ಅಂತ. ಗಂಡಿನ ಸಭೇಲೂ ಓದ್ಬೇಕು, ಹೆಣ್ಣಿನ ಸಭೇಲೂ ಓದ್ಬೇಕು. ಶಿವಮೊಗ್ಗಕ್ಕೂ ಭದ್ರಾವತಿಗೂ ಸೇರಿ ಒಬ್ಬರೇ ಅಯ್ಯನೋರು, ಅಂದ್ರೆ ಪಾದ್ರಿ. ಶಿವಮೊಗ್ಗದಲ್ಲಿ ಬೆಳಿಗ್ಗೆ ಆರಾಧನೆ ಮುಗಿಸಿ, ಬಸ್ಸು ಹತ್ತಿ, ನಮ್ಮಲ್ಲಿಗೆ ಬರೋರು. ಎರಡು ಭಾನುವಾರ ಎರಡೂ ಕಡೆ ಓದಿ ಆಗಿತ್ತು. ಮೂರನೇದು ಉಳಿದಿತ್ತು.

ಮೂರನೇ ಭಾನುವಾರ ಲಕ್ಕವಳ್ಳಿ ಡ್ಯಾಮಿಂದ ನೀರು ಬಿಟ್ರು. ಹೊಳೆ ಸೇತುವೆಗೆ ಬಂದು ಹೊಡೀತಿತ್ತು. ಪೊಲೀಸ್ರು ಎರಡೂ ಕಡೆ ಹಗ್ಗ ಕಟ್ಟಿ ಯಾರನ್ನೂ ಬಿಡ್ಲಿಲ್ಲ. ಚರ್ಚು ಈ ದಡ, ನಾನೂ ಈ ದಡ, ಅಯ್ಯನೋರು ಬಸ್ಸಿಳಿದು ಆ ದಡದಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದಾರೆ. ನನಗೆ ಕಾಣ್ತಿದ್ದಾರೆ! ಕೈ ಎತ್ತಿ ಏನೋ ಸನ್ನೆ ಮಾಡಿದ್ರು. ನಾನೂ ಕೈ ಎತ್ತಿದೆ. ಅವರೇನು ಹೇಳಿದ್ರು, ನಾನೇನು ಒಪ್ಪಿಕೊಂಡೆ, ಇಬ್ರಿಗೂ ಗೊತ್ತಾಗ್ಲಿಲ್ಲ.

ಸರಿ, ಅಯ್ಯನೋರಿಲ್ಲದ ದಿನ ಆರಾಧನೆ ನಡೆಸೋರು ದೇವಸಹಾಯಂ ಮೇಸ್ತ್ರಿ, ಕಾರ್ಖಾನೇಲಿ ಎರಕದ ಕಡೆ ಮೇಸ್ತ್ರಿ, ಮನೆಮಾತು ತಮಿಳು, ಬಹಳ ಕಟ್ಟುನಿಟ್ಟು. ಚರ್ಚಲ್ಲಿ ಕಾಲು ಭಾಗ ಜನ. ಕೀರ್ತನೆ ಆಯ್ತು, ಪ್ರಾರ್ಥನೆ ಆಯ್ತು, ಆಮೇಲೆ ವಾರದ ಪ್ರಕಟಣೆ. ಪ್ರಕಟಣೆ ಚೀಟಿ ಅಯ್ಯನೋರ ಜೇಬಲ್ಲಿ, ಆ ದಡದಲ್ಲಿ. ಮೇಸ್ತ್ರಿ ನೆನಪಿಂದ ಹೇಳಕ್ಕೆ ಶುರು ಮಾಡಿದ್ರು, "ಸಂಡೇ ಸ್ಕೂಲು ಮಕ್ಕಳು ಲಕ್ಕವಳ್ಳಿ ಡ್ಯಾಮ್ ನೋಡಕ್ಕೆ ಹೋಗೋದು ಕ್ಯಾನ್ಸಲ್, ಡ್ಯಾಮೇ ಇಲ್ಲಿಗೆ ಬಂದಿದೆ. ಬುಧವಾರ ಹಾಡೋರ ಅಭ್ಯಾಸ. ಸ್ತ್ರೀ ಸಂಘದೋರು ಶನಿವಾರ ಸೇರ್ಬೇಕು. ಗುರುವಾರದ ಮನೆಪ್ರಾರ್ಥನೆ, ರಾಹೇಲಮ್ಮ ಮನೇಲಿ ಇದ್ದಿದ್ದು, ಇರಲ್ಲ, ಎಲ್ರೂ ಶಿವಮೊಗ್ಗಕ್ಕೆ ಮದುವೆಗೆ ಹೋಗ್ತಾರೆ." ಅಷ್ಟು ಹೇಳಿ ಪುಸ್ತಕ ಮುಚ್ಚಿದ್ರು.

ನಾನು ಎದ್ದು ನಿಂತೆ. "ಮೇಸ್ತ್ರಿಗಳೇ, ನಮ್ಮ ಮದುವೆದು?"

"ಕಾಗದ ಇಲ್ಲ ತಂಬಿ. ಕಾಗದ ಇಲ್ದೆ ಮದುವೆ ಓದಕ್ಕಾಗಲ್ಲ."

"ನನಗೆ ಬಾಯಿಪಾಠ ಇದೆ."

"ನಿನ್ನ ಮದುವೆ ನೀನೇ ಓದ್ತೀಯಾ?" ಅಂತ ಹಿಂದಿಂದ ಯಾರೋ ನಕ್ಕರು. ಮೇಸ್ತ್ರಿ ತಲೆ ಕೆರ್ಕೊಂಡ್ರು. ನಿಯಮದ ಪುಸ್ತಕದಲ್ಲಿ ಗಂಡು ಓದಬಾರದು ಅಂತ ಎಲ್ಲೂ ಇಲ್ಲ, ಓದಬಹುದು ಅಂತಲೂ ಇಲ್ಲ. ಕೊನೆಗೆ, "ಸರಿ, ಹೇಳು, ನಿಧಾನಕ್ಕೆ ಹೇಳು" ಅಂದ್ರು. ನಾನು ಮುಂದೆ ಹೋಗಿ, ಜಯರಾಜ ಅನ್ನೋನಿಗೂ ಸರೋಜಿನಿ ಅನ್ನೋಳಿಗೂ ಅಂತ ನನ್ನನ್ನೇ ನಾನು ಯಾರೋ ಬೇರೆಯೋನ ಥರ ಹೇಳ್ದೆ. ಲ್ಯಾಬಲ್ಲಿ ಒಬ್ಬ ಮಾಡಿದ ಪರೀಕ್ಷೆ ಇನ್ನೊಬ್ಬ ನೋಡ್ಬೇಕು, ಇಲ್ಲಿ ಮಾಡೋನೂ ನಾನೇ ನೋಡೋನೂ ನಾನೇ, ಒಳಗೆ ಏನೋ ಸರಿಯಿಲ್ಲ ಅನ್ನಿಸ್ತಿತ್ತು. ಕೊನೇಲಿ, ಯಾರಿಗಾದ್ರೂ ಅಭ್ಯಂತರ ಇದ್ರೆ ಈಗಲೇ ಹೇಳಿ ಅಂದೆ. ಅಂದು, ಹೋಗಿ ಕೂರೋಣ ಅಂತ ತಿರುಗಿದೆ.

"ಇದೆ," ಅಂತ ಹೆಂಗಸರ ಸಾಲಿಂದ ದನಿ ಬಂತು. ರಾಹೇಲಮ್ಮ ಎದ್ದು ನಿಂತಿದ್ಲು. ಕಾರ್ಖಾನೇಲಿ ಇದ್ದಿಲು ಹೊರೋ ಹೆಂಗಸು, ಗಂಡ ಸತ್ತೋಳು, ಐವತ್ತರ ಹತ್ರ ವಯಸ್ಸು. ಅದುವರೆಗೆ ಆಕೆ ಚರ್ಚಲ್ಲಿ ಆಮೆನ್ ಬಿಟ್ಟು ಬೇರೆ ಮಾತಾಡಿದ್ದು ನಾನು ಕೇಳಿರ್ಲಿಲ್ಲ. ನನಗೂ ಆಕೆಗೂ ಮಾತೇ ಇಲ್ಲ!

ಮೇಸ್ತ್ರಿ ಮುಖ ಕೆಂಪಾಯ್ತು. "ಏನಮ್ಮಾ, ಏನಂತ ಹೇಳ್ತಿದ್ದೀಯ ಗೊತ್ತಾ?"

"ಗೊತ್ತು. ನಂದು ಅಭ್ಯಂತರ ಇದೆ."

"ಏನು ಅಭ್ಯಂತರ?"

"ನಿಮ್ಮ ಹತ್ರ ಹೇಳಲ್ಲ. ಅಯ್ಯನೋರ ಹತ್ರ ಹೇಳ್ತೀನಿ." ಅಂದು ಸೆರಗು ಸರಿಮಾಡ್ಕೊಂಡು ಕೂತ್ಕೊಂಡ್ಲು.

ಸಭೆಯೆಲ್ಲ ಗುಜುಗುಜು. ನಾನು ಅಲ್ಲೇ ನಿಂತಿದ್ದೀನಿ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಮೇಸ್ತ್ರಿ ಹೇಳಿದ್ದು ಇಷ್ಟೇ, "ಅಭ್ಯಂತರ ಬಂದಿದೆ. ಅಯ್ಯನೋರು ವಿಚಾರಣೆ ಮಾಡೋವರೆಗೆ ಮದುವೆ ಮುಡಿಯಾದು ತಂಬಿ, ಆಗಲ್ಲ." ಆಮೇಲೆ ಕೊನೇ ಕೀರ್ತನೆ ಹಾಡಿದ್ವಿ. ಯಾವ ಕೀರ್ತನೆ ಅಂತ ಕೇಳ್ಬೇಡಿ.

ಹೊರಗೆ ಬಂದು ರಾಹೇಲಮ್ಮನ್ನ ಹಿಡಿಯೋಣ ಅಂದ್ರೆ ಆಕೆ ಮಳೇಲೇ ಹೊರಟುಹೋಗಿದ್ಲು. ರೂಮಿಗೆ ಬಂದು ಕೂತು ಒಂದೊಂದಾಗಿ ಯೋಚ್ನೆ ಮಾಡ್ದೆ. ನಾನು ಆಕೆಗೆ ಏನಾದ್ರೂ ಅಂದಿದ್ದೀನಾ? ಇಲ್ಲ. ನನ್ನ ಊರಿನೋಳಾ? ಅಲ್ಲ. ಸರೋಜಿನಿ ಕಡೆಯೋಳಾ? ಅದೂ ಅಲ್ಲ. ಅಂದ್ರೆ ಸರೋಜಿನಿ ಬಗ್ಗೆ ಏನಾದ್ರೂ ಗೊತ್ತಾ? ನೋಡಿ, ಅಲ್ಲಿಗೆ ಬಂದಾಗ ತಲೆ ಕೆಟ್ಟೋಯ್ತು. ಒಂದು ಕಾರಣವೂ ನಿಲ್ಲಲ್ಲ, ಒಂದನ್ನೂ ಬಿಡೋಕಾಗಲ್ಲ.

ಆ ದಡದಲ್ಲಿ ಏನಾಗಿತ್ತು ಅಂದ್ರೆ, ಅಯ್ಯನೋರು ಸುಮ್ಮನೆ ವಾಪಸ್ ಹೋಗಿರ್ಲಿಲ್ಲ. ಆ ಕಡೆ ಇದ್ದ ನಮ್ಮ ಸಭೆಯೋರ ಮನೇಲೇ ಕೂತು ಆರಾಧನೆ ಮಾಡಿ, ಅಲ್ಲೇ ನಮ್ಮ ಪ್ರಕಟಣೇನೂ ಓದಿದ್ರು. ಅಲ್ಲಿ ಯಾರ ಅಭ್ಯಂತರವೂ ಇಲ್ಲ. ಹೋಗಿ ನಮ್ಮ ಮಾವನೋರಿಗೆ, "ಎಲ್ಲಾ ಸುಸೂತ್ರ ಆಯ್ತು" ಅಂದುಬಿಟ್ರು. ಅದರ ಮಾರನೇ ದಿನ ಸೇತುವೆ ಮೇಲೆ ಹಾಲಿನೋರ್ನ ಮಾತ್ರ ಬಿಟ್ರು. ಹಾಲಿನೋನು ಅಭ್ಯಂತರದ ಸುದ್ದೀನ ಬಸ್ ಡ್ರೈವರ್ ಇಬ್ರಾಹಿಂ ಸಾಬ್ರಿಗೆ ಹೇಳ್ದ, ಸಾಬ್ರು ಶಿವಮೊಗ್ಗದಲ್ಲಿ ನಮ್ಮ ಮಾವನೋರ ಮನೆ ಬಾಗ್ಲಲ್ಲೇ ನಿಂತು ಹೇಳಿದ್ರು. ಒಳ್ಳೇ ಮನುಷ್ಯ, ಕೆಟ್ಟ ಮನಸ್ಸಿಂದಲ್ಲ. ಅಂದ್ರೆ ಒಂದೇ ಭಾನುವಾರ, ಒಂದೇ ಸಭೆ, ಒಂದೇ ಮದುವೆ, ಈ ದಡದಲ್ಲಿ ಅಭ್ಯಂತರ ಇದೆ, ಆ ದಡದಲ್ಲಿ ಇಲ್ಲ. ಯಾವುದನ್ನ ಹಿಡೀಬೇಕು?

ಮಂಗಳವಾರ ಹಗ್ಗ ಬಿಚ್ಚಿದ್ರು. ಲ್ಯಾಬಿಗೆ ಹೋಗಿ ಮುಖ ತೋರಿಸಿ, ಮಧ್ಯಾಹ್ನ ಸಾಹೇಬ್ರನ್ನ ಕೇಳ್ಕೊಂಡು ಶಿವಮೊಗ್ಗದ ಬಸ್ಸು ಹತ್ತಿದ್ರೆ ಅದೇ ಇಬ್ರಾಹಿಂ ಸಾಬ್ರು.

"ಅರೆ ಸಾಹೇಬ್ರೆ, ಶಾದಿ ನಿಂತೋಯ್ತಂತೆ? ಆ ಅಮ್ಮ ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸಾಬ್ರೆ."

"ಏನೂ ಆಗದೆ ಯಾರಾದ್ರೂ ಎದ್ದು ನಿಲ್ತಾರಾ ಮಾರಾಯ್ರೆ?" ಅಂತ ಗೇರು ಹಾಕಿದ್ರು. ಬಸ್ಸಲ್ಲಿದ್ದೋರೆಲ್ಲ ತಿರುಗಿ ನನ್ನ ನೋಡಿದ್ರು.

ಮಾವನೋರು ಜಗಲಿ ಮೇಲೆ ಕೂತಿದ್ರು. ಕಾಫಿ ಕೊಡ್ಲಿಲ್ಲ, ಕೂತ್ಕೊ ಅನ್ಲಿಲ್ಲ. "ಜಯರಾಜ್, ನೇರವಾಗಿ ಕೇಳ್ತೀನಿ. ನಿಮಗೆ ಇನ್ನೊಂದು ಸಂಸಾರ ಇದೆಯಾ?"

"ಇಲ್ಲ ಸರ್."

"ಮತ್ತೆ ಆಕೆ ಯಾಕೆ ಎದ್ಲು?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ರೆ ಹೇಗೆ? ನೀವು ಸೈನ್ಸ್ ಓದಿದೋರು!" ಸೈನ್ಸಿಗೂ ಇದಕ್ಕೂ ಏನು ಸಂಬಂಧ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಒಳಗಿಂದ ನಿಮ್ಮಜ್ಜಿ ದನಿ, ಮುಖ ಕಾಣಲ್ಲ, ದನಿ ಮಾತ್ರ, "ಅಪ್ಪಾ, ಆಕೇನೇ ಕೇಳಿದ್ರೆ ಆಗಲ್ವಾ?" ಅಂದ್ಲು. ಎರಡು ದಿನದಿಂದ ಇಷ್ಟು ಜನ ತಲೆ ಕೆಡಿಸ್ಕೊಂಡಿದ್ದೀವಿ, ಆ ಮಾತು ಯಾರೂ ಅಂದಿರ್ಲಿಲ್ಲ ನೋಡಿ.

ಬುಧವಾರ ಬೆಳಿಗ್ಗೆ ಅಯ್ಯನೋರು, ಮಾವನೋರು, ನಾನು, ಮೂವರೂ ಮೊದಲ್ನೇ ಬಸ್ಸಿಗೆ ಬಂದ್ವಿ. ಸೇತುವೆ ಹತ್ರ ದೇವಸಹಾಯಂ ಮೇಸ್ತ್ರಿ ಸಿಕ್ಕಿದ್ರು, ಅವರೂ ಸೇರ್ಕೊಂಡ್ರು. ಕೂಲಿಯೋರ ಸಾಲುಮನೇಲಿ ಕೊನೇದು ರಾಹೇಲಮ್ಮಂದು, ಒಂದೇ ಕೋಣೆ. ಒಳಗೆ ಹೋಗ್ತೀವಿ, ಕೋಣೇಲಿ ಒಂದು ಪಾತ್ರೆ ಇಲ್ಲ, ಒಂದು ಬಟ್ಟೆ ಇಲ್ಲ. ಎಲ್ಲಾ ಹೊರಗೆ ಸೂರಿನ ಕೆಳಗೆ ಇಟ್ಟಿದ್ದಾಳೆ. ಒಳಗೆ ಗೋಡೆಯಿಂದ ಗೋಡೆಗೆ ಚಾಪೆ. ಅಕ್ಕಪಕ್ಕದೋರದ್ದೆಲ್ಲ ಎರವಲು ತಂದಿದ್ಲು.

ಅಯ್ಯನೋರು ಮೆತ್ತಗೆ ಕೇಳಿದ್ರು, "ರಾಹೇಲಮ್ಮ, ಈ ಹುಡುಗನ ಮೇಲೆ ಏನಮ್ಮ ನಿನ್ನ ದೂರು?"

"ಹುಡುಗನ ಮೇಲೆ ಏನಿಲ್ಲ ಅಯ್ಯಾ. ಒಳ್ಳೇ ಹುಡುಗ, ನೆಲ ನೋಡ್ಕೊಂಡು ಹೋಗ್ತಾನೆ."

"ಹೆಣ್ಣಿನ ಮೇಲೆ?"

"ಆ ಮಗೂನ ನಾನು ನೋಡೇ ಇಲ್ಲ."

"ಮತ್ತೆ?"

"ಗುರುವಾರದ ಮೇಲೆ," ಅಂದ್ಲು. ಆಮೇಲೆ ಒಂದೇ ಸಮ ಹೇಳಿದ್ಲು, "ಈ ಸಭೆಗೆ ಸೇರಿದಾಗಿಂದ ಎಲ್ಲಾರ ಮನೇಲೂ ಮನೆಪ್ರಾರ್ಥನೆ ಆಗಿದೆ. ಕ್ವಾಟ್ರಸ್ಸಿನ ಮನೆಗಳಲ್ಲಿ ವರ್ಷಕ್ಕೆ ಎರಡು ಸಲ ಆಗುತ್ತೆ. ನನ್ನ ಮನೆ ಸರದಿ ಬಂದಾಗೆಲ್ಲ ಮೇಸ್ತ್ರಿಗಳು ಜಾಗ ಸಾಲಲ್ಲ ಅಂತ ದಾಟಿಸ್ತಾರೆ. ಈ ಸಲ ನೀವೇ ನನ್ನ ಹೆಸರು ಬರೆದ್ರಿ ಅಯ್ಯಾ. ನಾನು ಬರೋರ ಟೀಗೆ ಅಂತ ರೇಷನ್ ಸಕ್ಕರೆ ಮುಟ್ಟಿಲ್ಲ, ಬೆಲ್ಲ ಕಚ್ಕೊಂಡು ಕುಡ್ದಿದ್ದೀನಿ. ಭಾನುವಾರ ನಿಂತ ನಿಲುವಲ್ಲೇ 'ಇರಲ್ಲ' ಅಂದ್ರು. ಮುಂದಿನ ವಾರ ನಂದಲ್ಲ, ಬೇರೆಯೋರದ್ದು. ನಾನು ಯಾರನ್ನ ಕೇಳ್ಲಿ?"

ಮೇಸ್ತ್ರಿಗೆ ಸಿಟ್ಟು ಬಂತು. "ಅದಕ್ಕೆ ಮದುವೆಗೆ ಅಡ್ಡ ನಿಲ್ಲೋದಾ? ನನ್ನ ಹತ್ರ ಬಂದು ಹೇಳಬಾರದಿತ್ತಾ?"

"ನಿಮ್ಮ ಹತ್ರ ಎಷ್ಟು ಸಲ ಬಂದಿಲ್ಲ ಮೇಸ್ತ್ರಿ? ಚರ್ಚಲ್ಲಿ ಕೀರ್ತನೆಗೆ ಎದ್ದೇಳಿ ಅಂತೀರ, ಪ್ರಾರ್ಥನೆಗೆ ಮೊಣಕಾಲೂರಿ ಅಂತೀರ, ಕಾಣಿಕೆ ಹಾಕಿ ಅಂತೀರ. ನಮ್ಮಂಥೋರ್ನ 'ಏನಾದ್ರೂ ಇದ್ರೆ ಹೇಳಿ' ಅಂತ ಕೇಳೋದು ಅದೊಂದೇ ಜಾಗದಲ್ಲಿ. ಕೇಳಿದ್ರು, ಹೇಳ್ದೆ."

ಮಾವನೋರು ಚಾಪೆ ಮೇಲೆ ಹಾಗೇ ಕೂತ್ಬಿಟ್ರು. ಅಯ್ಯನೋರು ಯೋಚ್ನೆ ಮಾಡಿ, "ಇವತ್ತೇ ಮಾಡೋಣ್ವಾ?" ಅಂದ್ರು. ಇವತ್ತು ಪಾಳಿ ಇದೆ ಅಂದ್ಲು, ನಾಳೆಗೆ ರಜ ಕೇಳಿ ಆಗಿದೆಯಂತೆ. ಅದು ಸರಿ ತಾನೆ, ನನ್ನ ರಜ ರಜ, ಅವಳ ರಜ ರಜ ಅಲ್ವಾ? ಆಗ ನನ್ನ ಬಾಯಿಂದ ಬಂತು, ಹೇಗೆ ಬಂತೋ, "ಮದುವೆ ಶಿವಮೊಗ್ಗದಲ್ಲಿ ಬೆಳಿಗ್ಗೆ. ಮನೆಪ್ರಾರ್ಥನೆ ಇಲ್ಲಿ ಸಂಜೆ. ಎಲ್ರೂ ಅದೇ ಬಸ್ಸಲ್ಲಿ ವಾಪಸ್ ಬರೋರೇ. ಸರೋಜಿನಿ ಈ ಊರಿಗೆ ಬಂದು ಮೊದ್ಲು ಕಾಲಿಡೋದು ನಿಮ್ಮ ಮನೇಲಿ."

ರಾಹೇಲಮ್ಮ ನನ್ನನ್ನ ಬಹಳ ಹೊತ್ತು ನೋಡಿದ್ಲು. ಲೆಕ್ಕ ಸರಿ ಇದೆಯಾ ಅಂತ ನೋಡೋ ಥರ. "ಬರದೆ ಹೋದ್ರೆ?"

ಮಾವನೋರು ಅಂದ್ರು, "ನಾನು ಕರ್ಕೊಂಡ್ ಬರ್ತೀನಮ್ಮ."

ಅಯ್ಯನೋರು ನಮ್ಮ ನಾಲ್ಕೈದು ಜನ ಮತ್ತೆ ಬಾಗಿಲಲ್ಲಿ ಸೇರಿದ್ದ ಅಕ್ಕಪಕ್ಕದೋರ ಎದುರಿಗೆ ಜೇಬಿಂದ ಆ ಚೀಟಿ ತೆಗೆದು, ಎದ್ದು ನಿಂತು, ಪೂರ್ತಿ ಓದಿದ್ರು. ಯಾರಿಗಾದ್ರೂ ಅಭ್ಯಂತರ ಇದೆಯಾ ಅಂತ ಕೇಳಿ ರಾಹೇಲಮ್ಮನ ಕಡೆ ತಿರುಗಿದ್ರು. "ಇಲ್ಲ ಅಯ್ಯಾ," ಅಂದ್ಲು. ಆಮೇಲೆ, "ಇನ್ನು ಹೊರಡಿ, ನಂಗೆ ಪಾಳಿಗೆ ಹೊತ್ತಾಯ್ತು," ಅಂದ್ಲು.

ಗುರುವಾರ ಮದುವೆ ಆಯ್ತು. ಅಕ್ಕಿ ಸಿಕ್ತು. ಬ್ಯಾಂಡಿನೋರು ಮಳೇಲಿ ಬರ್ಲಿಲ್ಲ, ಬಿಡಿ. ಇಬ್ರಾಹಿಂ ಸಾಬ್ರು ಬಸ್ಸನ್ನ ಸಾಲುಮನೆ ತಿರುವಿನವರೆಗೂ ತಂದು ನಿಲ್ಸಿದ್ರು. ನಿಮ್ಮಜ್ಜಿ ಮದುವೆ ಸೀರೆ ಮೊಣಕಾಲವರೆಗೂ ಎತ್ಕೊಂಡು ಕೆಸರಲ್ಲಿ ಬಂದ್ಲು. ರಾಹೇಲಮ್ಮ ಬಿಸಿನೀರು ಇಟ್ಟಿದ್ಲು, ತಾನೇ ಅವಳ ಕಾಲು ತೊಳೆದ್ಲು, ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಟೀ ಅಂದ್ರೆ ಪಾನಕ, ಅಷ್ಟು ಸಕ್ಕರೆ. ಜಾಗ ಸಾಲಲ್ಲ ಅಂದಿದ್ದ ಮೇಸ್ತ್ರಿಗೆ ನಿಜವಾಗ್ಲೂ ಜಾಗ ಸಾಲ್ಲಿಲ್ಲ, ಹೊಸಲಿನ ಹೊರಗೆ ಕೊಡೆ ಹಿಡ್ಕೊಂಡು ನಿಂತೇ ಪ್ರಾರ್ಥನೆ ಮಾಡಿದ್ರು, ಚೆನ್ನಾಗಿ ಮಾಡಿದ್ರು. ಹಿಂದಿನ ರಾತ್ರಿ ಪಾಳಿ ಮುಗಿಸಿ ಬಂದು ಆಕೆ ಗೋಡೆಗೆ ಸುಣ್ಣ ಬೇರೆ ಹೊಡೆದಿದ್ಲು. ಆ ಮಳೇಲಿ ಸುಣ್ಣ ಒಣಗುತ್ತಾ? ಒಣಗಲ್ಲ ಅಂತ ನನಗೆ ಗೊತ್ತು, ಸೈನ್ಸ್ ಓದಿದೋನು, ಆದ್ರೂ ಗೋಡೆಗೆ ಒರಗಿ ಕೂತೆ.

ಅಷ್ಟೇ ಮಕ್ಳೇ. ಯಾರಾದ್ರೂ ಬೇಡ ಅಂದ್ರೆ, ಊರೆಲ್ಲ ಸುತ್ತಬೇಡಿ, ಅವರ ಮನೆಗೇ ಹೋಗಿ ಕೂತು ಯಾಕೆ ಅಂತ ಕೇಳಿ. ಪ್ರಾರ್ಥನೆ ಮುಗಿದು ಎದ್ದಾಗ ಬೆನ್ನು ಬೆಳ್ಳಗಾದೋರು ಹತ್ತೊಂಬತ್ತು ಜನ.