ಮೇಲಕ್ಕೆ ಜಾರಿದ ಹೆಸರು

ಈ ಸಭೆಯ ಅಧ್ಯಕ್ಷರೂ ನಮ್ಮ ಟೊಲಿಡೊ ಹೆರನ್ಸ್ ಫುಟ್‌ಬಾಲ್ ತಂಡದ ಒಡತಿಯೂ ಆದ ಶ್ರೀಮತಿ ಓರ್ಲಾ ಬ್ರಾನಿಗನ್ ಅವರೇ, ತಂಡದ ಮುಖ್ಯ ವ್ಯವಸ್ಥಾಪಕರಾದ ಗಾರ್ತ್ ಲಿಂಡ್‌ಕ್ವಿಸ್ಟ್ ಅವರೇ, ಮೂವತ್ತೊಂದು ವರ್ಷ ಊರೂರಿನ ಮೈದಾನ ಅಲೆದು ನಮಗೆ ಆಟಗಾರರನ್ನು ಹುಡುಕಿಕೊಟ್ಟು ಇಂದು ಬೀಳ್ಕೊಡುಗೆ ಪಡೆಯುತ್ತಿರುವ ಹಿರಿಯ ಸ್ಕೌಟ್ ವೆಂಡೆಲ್ ಪ್ರೂಟ್ ಅವರೇ, ನಾವೆಲ್ಲ ಪ್ರೀತಿಯಿಂದ ಮಿಸ್ ಓಪಲ್ ಎಂದೇ ಕರೆಯುವ ಅವರ ಶ್ರೀಮತಿಯವರೇ, ಆಟಗಾರರೇ, ಆಟಗಾರರಿಗಿಂತ ಹೆಚ್ಚು ಪೆಟ್ಟು ತಿಂದಿರುವ ಅವರ ಮನೆಯವರೇ, ಮತ್ತು ಕೋಳಿ ತಣ್ಣಗಾಗುವ ಮೊದಲು ಈಕೆ ಮಾತು ಮುಗಿಸುವಳೇ ಎಂದು ಯೋಚಿಸುತ್ತಿರುವ ಸಭಿಕರೇ,

ನನ್ನ ಹೆಸರು ರೆನಾಟಾ ವೋಯ್ಚಿಕ್. ತಂಡದ ಅಂಕಿ ಅಂಶಗಳ ವಿಭಾಗ ನೋಡಿಕೊಳ್ಳುವವಳು. ನನಗೆ ಕೊಟ್ಟಿರುವ ಸಮಯ ಎಂಟು ನಿಮಿಷ. ನನ್ನ ಮಗಳು ಜೋಸಿ ಹುಟ್ಟಿ ಎರಡೂವರೆ ವರ್ಷವಾಯಿತು. ಅಂದಿನಿಂದ ನಾನು ಯಾವುದೇ ಕೆಲಸವನ್ನು ಎಂಟು ನಿಮಿಷ ತಡೆಯಿಲ್ಲದೆ ಮಾಡಿದ ನೆನಪಿಲ್ಲ. ಇಂದು ನನ್ನ ಗಂಡನಿಗೆ ಗಾಜಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಮಗು ನೋಡಿಕೊಳ್ಳುವ ಹುಡುಗಿ ಐದು ಗಂಟೆಗೆ ಕೈಕೊಟ್ಟಳು. ಹೀಗಾಗಿ ಜೋಸಿಯೂ ಸಭೆಗೆ ಬಂದಿದ್ದಾಳೆ. ಎಲ್ಲಿದ್ದಾಳೆ ಎಂದು ಹುಡುಕಬೇಡಿ. ಸನ್ಮಾನಿತರ ತೊಡೆಯ ಮೇಲೆ ಕುಳಿತು, ಸನ್ಮಾನದ ಹೂಗುಚ್ಛದ ರಿಬ್ಬನ್ನು ಚೀಪುತ್ತಿರುವವಳೇ ಅವಳು.

ವೆಂಡೆಲ್ ಅವರ ಬಗ್ಗೆ ಏನು ಹೇಳಲಿ? ಎಷ್ಟು ಹೇಳಲಿ? ಅವರ ಕಾರು ಇಲ್ಲಿಂದ ಚಂದ್ರನಿಗೆ ಹೋಗಿ, ಅಲ್ಲಿ ಒಬ್ಬ ಆಟಗಾರನನ್ನು ನೋಡಿ, 'ಕಾಲು ನಿಧಾನ' ಎಂದು ಬರೆದುಕೊಂಡು ವಾಪಸಾಗುವಷ್ಟು ದೂರ ಓಡಿದೆ. ಈ ಹಾಸ್ಯ ನನ್ನದಲ್ಲ, ಗಾರ್ತ್ ಅವರದು. ಹಾಳೆಯಲ್ಲಿ ಬರೆದುಕೊಂಡಿದ್ದೇನೆ, ಇನ್ನೂ ನಾಲ್ಕಿವೆ.

ಆದರೆ ಮೊದಲು, ಆಟದ ಗಂಧಗಾಳಿ ಇಲ್ಲದೆ ಬರೀ ಪ್ರೀತಿಯಿಂದ ಬಂದಿರುವ ನೆಂಟರಿಷ್ಟರಿಗಾಗಿ ಎರಡು ಮಾತು. ಡ್ರಾಫ್ಟ್ ಎಂದರೇನು? ನಮ್ಮ ಪೋಲಿಷ್ ಬೀದಿಯ ಚರ್ಚಿನಲ್ಲಿ ಉಪವಾಸದ ದಿನಗಳ ಶುಕ್ರವಾರ ಮೀನಿನೂಟ ಹಾಕುತ್ತಾರಲ್ಲ, ಆ ಸಾಲು ಎಂದುಕೊಳ್ಳಿ. ಕಾಲೇಜು ಮುಗಿಸಿದ ಆಟಗಾರರು ಮೇಜಿನ ಮೇಲಿದ್ದಾರೆ. ತಂಡಗಳು ತಟ್ಟೆ ಹಿಡಿದು ಸಾಲಿನಲ್ಲಿವೆ. ಹಿಂದಿನ ವರ್ಷ ಹೆಚ್ಚು ಸೋತವನು ಮುಂದೆ, ಗೆದ್ದವನು ಹಿಂದೆ. ಒಬ್ಬೊಬ್ಬರು ಒಂದೊಂದು ತುಂಡು ತೆಗೆದುಕೊಂಡು, ಮತ್ತೆ ಎರಡನೇ ಸುತ್ತಿಗೆ ಬಂದು ನಿಲ್ಲಬೇಕು. ಈಗ ನೀವು ಹತ್ತೊಂಬತ್ತನೆಯವರು. ಅಲ್ಲಿ ಒಂದು ದೊಡ್ಡ ಮೀನು ಹೊಳೆಯುತ್ತಿದೆ. ನಿಮ್ಮ ಸರದಿ ಬರುವಷ್ಟರಲ್ಲಿ ಅದು ಇರುವುದಿಲ್ಲ. ಆರನೆಯವನ ಬಳಿ ಹೋಗಿ, 'ಅಣ್ಣಾ, ನಿನ್ನ ಜಾಗ ಕೊಡು. ನನ್ನ ಜಾಗ ನಿಂಗೆ, ನನ್ನ ಎರಡನೇ ಸುತ್ತೂ ನಿಂಗೆ, ಮುಂದಿನ ವರ್ಷದ ಮೊದಲ ಸುತ್ತೂ ನಿಂಗೆ' ಎನ್ನುತ್ತೀರಿ. ಇದು ಮೇಲೇರುವುದು. 'ನಂಗೇನ್ ಅವಸರ ಇಲ್ಲಪ್ಪ, ನೀನೇ ಮುಂದೆ ಹೋಗು, ಇನ್ನೊಂದ್ ಸಲ ತಟ್ಟೆ ಹಿಡಿಯೋಕೆ ಬಿಟ್ರೆ ಸಾಕು' ಎಂದರೆ ಅದು ಕೆಳಗಿಳಿಯುವುದು. ನನ್ನ ತಾಯಿ ಯಾವಾಗಲೂ ಕೆಳಗಿಳಿಯುವವಳು. ನಮ್ಮ ಮನೆಗೆ ದೊಡ್ಡ ಮೀನು ಬಂದದ್ದು ಕಡಿಮೆ, ಆದರೆ ಯಾರೂ ಹಸಿದು ಮಲಗಿದ್ದಿಲ್ಲ.

ಲೋಕ ಏನೆನ್ನುತ್ತದೆ? ಹಳೆಯ ಸ್ಕೌಟ್‌ಗಳು ಯಾರೋ ಒಬ್ಬ ಹುಡುಗನ ಪ್ರೀತಿಗೆ ಬಿದ್ದು ಮೇಲೇರು, ಮೇಲೇರು ಎಂದು ಕುಣಿಯುತ್ತಾರಂತೆ. ಲೆಕ್ಕದವರು ತಣ್ಣಗೆ ಕೂತು ಇಳಿ ಎನ್ನುತ್ತಾರಂತೆ. ಎರಡು ವರ್ಷದ ಹಿಂದೆ ನಾವು ಹತ್ತೊಂಬತ್ತರಿಂದ ಆರಕ್ಕೆ ಏರಿ ಎಜ್ರಾ ಡಾರ್ಡೆನ್ ಎಂಬ, ಎಸೆದ ಚೆಂಡನ್ನು ಓಡುತ್ತ ಕೈಯಲ್ಲಿ ಹಿಡಿಯುವ ಹುಡುಗನನ್ನು ತಂದಾಗಲೂ ಪತ್ರಿಕೆಗಳು ಹಾಗೆಯೇ ಬರೆದವು. ಅವನು ಸೋತಾಗಲೂ ಹಾಗೆಯೇ ಬರೆದವು. 'ಮುದುಕನ ಕೊನೆಯ ಪ್ರೇಮ' ಎಂಬ ತಲೆಬರಹವನ್ನು ನೀವೆಲ್ಲ ಓದಿದ್ದೀರಿ. ಮಿಸ್ ಓಪಲ್ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ, 'ಯಾರ್ರೀ ಅವಳು?' ಎಂದು ಗಂಡನನ್ನು ಕೇಳಿದರಂತೆ.

ನಗಬೇಕಾದ ಮಾತೇ. ನಗಿ.

ನಾನು ಇಲ್ಲಿ ಹೇಳಬೇಕೆಂದು ಬರೆದುಕೊಂಡದ್ದು ವೆಂಡೆಲ್ ಅವರ ಶಿಸ್ತಿನ ಬಗ್ಗೆ. ಡ್ರಾಫ್ಟ್ ಕೋಣೆಯ ಗೋಡೆಯ ತುಂಬ ಒಂದು ಕಬ್ಬಿಣದ ಹಲಗೆ ಇದೆ. ಪ್ರತಿ ಆಟಗಾರನ ಹೆಸರೂ ಒಂದು ಅಯಸ್ಕಾಂತದ ಪಟ್ಟಿಯ ಮೇಲಿರುತ್ತದೆ. ಉತ್ತಮರು ಮೇಲೆ, ಉಳಿದವರು ಕೆಳಗೆ. ಆ ಹಲಗೆಯನ್ನು ಮುಟ್ಟುವ ಕೈ ಒಂದೇ, ವೆಂಡೆಲ್ ಅವರದು. ಗಾರ್ತ್ ಕೂಡ ಮುಟ್ಟುವಂತಿಲ್ಲ. ಶ್ರೀಮತಿ ಬ್ರಾನಿಗನ್ ಒಮ್ಮೆ ಧೂಳು ಒರೆಸಲು ಹೋಗಿ, 'ಅಮ್ಮಾ, ತಂಡ ನಿಮ್ಮದು, ಹಲಗೆ ನಂದು' ಎಂದು ಬೈಸಿಕೊಂಡಿದ್ದರು. ಆಯ್ಕೆ ಶುರುವಾದ ಮೇಲೆ ವೆಂಡೆಲ್ ಆ ಕೋಣೆ ಬಿಟ್ಟು ಹೊರಗೆ ಹೋಗುವುದು ಒಂದೇ ಸಲ, ಮಿಸ್ ಓಪಲ್‌ಗೆ ಫೋನ್ ಮಾಡಲು. ಆಕೆ ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: 'ಊಟ ಆಯ್ತಾ? ಹಸಿದೋನ ಕೈಗೆ ಆಯ್ಕೆ ಕೊಡಬಾರದು, ಮೊದ್ಲು ತಿನ್ನು.' ವೆಂಡೆಲ್ ಅಲ್ಲೇ ನಿಂತು ಒಂದು ಸ್ಯಾಂಡ್‌ವಿಚ್ ತಿಂದು ಬರುತ್ತಾರೆ. ಏಳು ನಿಮಿಷ. ಅದು ಏಳೇ ನಿಮಿಷ ಎಂದು ನನಗೆ ಗೊತ್ತು, ಏಕೆಂದರೆ ಆ ದಿನ ನಾನು ಗಡಿಯಾರ…

ಕ್ಷಮಿಸಿ. ಸ್ವಲ್ಪ ನೀರು.

ಈ ಹಾಳೆಯನ್ನು ಮಡಚಿಡುತ್ತೇನೆ. ಉಳಿದ ಹಾಸ್ಯಗಳನ್ನು ಗಾರ್ತ್ ಅವರೇ ಹೇಳಿಕೊಳ್ಳಲಿ.

ನಿದ್ದೆಯಿಲ್ಲದ ತಾಯಿ ಹೇಗಿರುತ್ತಾಳೆ ಎಂದು ಇಲ್ಲಿರುವ ಹೆಂಗಸರಿಗೆ ಹೇಳಬೇಕಿಲ್ಲ. ಎರಡು ವರ್ಷದ ಹಿಂದೆ ಜೋಸಿಗೆ ನಾಲ್ಕು ತಿಂಗಳು. ಹೊಟ್ಟೆನೋವಿನ ಮಗು. ಅತ್ತರೆ ಗಂಟೆಗಟ್ಟಲೆ, ಸುಮ್ಮನಾದರೆ ಉಸಿರಾಡುತ್ತಿದೆಯೇ ಎಂದು ನಾನು ಬಾಗಿ ನೋಡುವುದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು, ಮಗುವಿನ ಉಸಿರನ್ನು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಆ ಏಪ್ರಿಲ್ ಮೊದಲ ವಾರ, ಡ್ರಾಫ್ಟಿಗೆ ಮುಂಚೆ, ಆಟಗಾರರು ಮಾತುಕತೆಗೂ ವೈದ್ಯರ ತಪಾಸಣೆಗೂ ನಮ್ಮ ಕಚೇರಿಗೆ ಬಂದಿದ್ದರು. ಶಿಶುವಿಹಾರದವರು ಜ್ವರ ಎಂದು ಜೋಸಿಯನ್ನು ಸೇರಿಸಿಕೊಳ್ಳಲಿಲ್ಲ, ನಾನು ಕೆಲಸಕ್ಕೆ ಕರೆತಂದಿದ್ದೆ. ಮಧ್ಯಾಹ್ನ ಮೊಗಸಾಲೆಯಲ್ಲಿ ಅವಳು ಕಟ್ಟಡ ಬಿರಿಯುವಂತೆ ಕಿರುಚುತ್ತಿದ್ದಾಗ ಉದ್ದನೆಯ ಹುಡುಗನೊಬ್ಬ ಬಂದು ನಿಂತ.

'ಮೇಡಂ, ಇಲ್ಲಿ ಕೊಡಿ. ಮನೇಲಿ ನನ್ನ ಹಿಂದೆ ಐದು ಜನ. ಇವ್ರ ಭಾಷೆ ನಂಗೆ ಬರುತ್ತೆ.'

ಅವನೇ ಎಜ್ರಾ ಡಾರ್ಡೆನ್. ಮಿಸಿಸಿಪ್ಪಿಯ ಒಂದು ಸಣ್ಣ ಕಾಲೇಜಿನಿಂದ ಬಂದಿದ್ದವನು. ಮಗುವನ್ನು ಚೆಂಡಿನ ಹಾಗೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿಕೊಂಡ. ಜೋಸಿ ಮಲಗಿದಳು. ನಾನು ಗೋಡೆಗೆ ಒರಗಿ ಒಂದು ಕ್ಷಣ ಕುಳಿತೆ. ಕಣ್ಣು ಬಿಟ್ಟಾಗ ನಲವತ್ತು ನಿಮಿಷವಾಗಿತ್ತು. ಅವನು ಅಲ್ಲೇ ನಿಂತಿದ್ದ, ಕಂಬದ ಹಾಗೆ.

'ನಿಮ್ಮ ಡಾಕ್ಟ್ರು ಎರಡ್ ಸಲ ಕರೆದ್ರು,' ಎಂದು ಪಿಸುಗುಟ್ಟಿದ. 'ನಡೆದ್ರೆ ಇವ್ಳು ಎದ್ಬಿಡ್ತಾಳೆ ಅಂತ ಹೋಗ್ಲಿಲ್ಲ.'

ಪ್ರೀತಿಗೆ ಬೀಳುವುದು ಎಂದರೆ ಏನೆಂದು ನನ್ನನ್ನು ಕೇಳಿ. ಪತ್ರಿಕೆಯವರನ್ನು ಕೇಳಬೇಡಿ. ನಲವತ್ತು ನಿಮಿಷದ ನಿದ್ದೆ ಕೊಟ್ಟವನಿಗೆ ನಾನು ಏನು ಬೇಕಾದರೂ ಕೊಡಲು ಸಿದ್ಧಳಿದ್ದೆ. ಕೊಟ್ಟದ್ದು ಮಾತ್ರ ನನ್ನದಾಗಿರಲಿಲ್ಲ.

ಅವನ ಬಗ್ಗೆ ವೆಂಡೆಲ್ ಬರೆದಿದ್ದ ವರದಿ ಒಂದು ಸಾಲಿನದು: 'ಅಪ್ಪಟ ಒಳ್ಳೆಯ ಹುಡುಗ, ಕೈ ಚಿನ್ನ, ಕಾಲು ನಿಧಾನ, ಮೂರನೇ ಸುತ್ತು.' ನನ್ನ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಅಕ್ಷರಶಃ ಅದನ್ನೇ.

ಡ್ರಾಫ್ಟ್ ದಿನ ಸಂಜೆ ವೆಂಡೆಲ್ ಫೋನ್ ಮಾಡಲು ಹೊರಗೆ ಹೋದರು. ಎಲ್ಲರ ಕಣ್ಣೂ ಟಿವಿಯ ಮೇಲಿತ್ತು. ನಾನು ಎದ್ದು ಹೋಗಿ, ಮೂರನೇ ಸುತ್ತಿನ ಸಾಲಿನಲ್ಲಿದ್ದ ಡಾರ್ಡೆನ್ ಹೆಸರಿನ ಪಟ್ಟಿಯನ್ನು ಕಿತ್ತು, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅಂಟಿಸಿದೆ. ಟಕ್ ಎಂದು ಸದ್ದಾಯಿತು. ಯಾರೂ ತಿರುಗಲಿಲ್ಲ.

ಐದು ನಿಮಿಷದಲ್ಲಿ ಆರನೆಯ ಜಾಗದವರ ಫೋನ್ ಬಂತು, ಜಾಗ ಬೇಕೇ ಎಂದು. ಗಾರ್ತ್ ಹಲಗೆ ನೋಡಿದರು. 'ಅಯ್ಯೋ, ಈ ಮುದುಕ ಡಾರ್ಡೆನ್‌ನ ಇಷ್ಟ್ ಮೇಲಿಟ್ಟಿದಾನಾ? ನಂಗೊಂದ್ ಮಾತು ಹೇಳ್ಬಾರ್ದಾ? ರೆನಾಟಾ, ನಿನ್ ಲೆಕ್ಕ ಏನನ್ನುತ್ತೆ?'

ನಾನು ಹೇಳಿದ್ದು ಒಂದೇ ಪದ. 'ಒಪ್ಪುತ್ತೆ.'

ಆಗ ವೆಂಡೆಲ್ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. ಮಾತು ಕೇಳಿ ಕೈ ಬೀಸಿದರು. 'ಬೇಡ ಗಾರ್ತ್, ಏರೋದ್ ಬೇಡ. ಇಳಿಯೋಣ. ಇಪ್ಪತ್ತೇಳಕ್ಕೆ ಹೋದ್ರೆ ಇನ್ನೊಂದು ಸರದಿ ಸಿಗುತ್ತೆ. ನಮಗೆ ಬೇಕಾಗಿರೋದು ಇಬ್ರು, ಒಬ್ಬ ಅಲ್ಲ.'

'ನಿನ್ ಹಲಗೇನೇ ಏರು ಅಂತಿದೆಯಲ್ಲೋ ಮಾರಾಯ!'

ವೆಂಡೆಲ್ ತಿರುಗಿ ಹಲಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಹೊತ್ತಿಗೆ ಮಗುವಿಗೆ ಹಾಲು ಕೊಡುವ ವೇಳೆ ಮೀರಿ ನನ್ನ ಅಂಗಿಯ ಎದೆ ಒದ್ದೆಯಾಗಿತ್ತು. ಒಂದು ಮಾತು ಅವರ ಬಾಯಿಯವರೆಗೆ ಬಂದದ್ದನ್ನು ನಾನು ಕಂಡೆ. ಬಾಯಿ ಮುಚ್ಚಿಕೊಂಡು ಕುಳಿತರು. ಗಾರ್ತ್ ಫೋನಿನಲ್ಲಿ 'ಸರಿ' ಎಂದರು.

ಮುಂದಿನದು ನಿಮಗೆ ಗೊತ್ತಿದೆ. ನಾವು ಕೊಟ್ಟ ಮೂರು ಸರದಿಗಳಲ್ಲಿ ಬೇರೆಯವರು ಮೂರು ಒಳ್ಳೆಯ ಆಟಗಾರರನ್ನು ಪಡೆದರು. ಆರನೆಯವನಾಗಿ ಬಂದ ಹುಡುಗನ ಕಾಲು ಆರನೆಯವನ ಕಾಲಾಗಲಿಲ್ಲ. ಈ ಊರಿನ ಅರವತ್ತು ಸಾವಿರ ಜನ ಅವನನ್ನು ಹೀಯಾಳಿಸಿ ಕೂಗಿದರು. ಮೂರನೇ ಸುತ್ತಿನಲ್ಲಿ ಬಂದಿದ್ದರೆ? ನಿಧಾನವಾಗಿ ಕಲಿಯುತ್ತಿದ್ದ, ಯಾರೂ ಕೂಗುತ್ತಿರಲಿಲ್ಲ. ಮೊನ್ನೆ ಚಳಿಗಾಲದಲ್ಲಿ ಅವನನ್ನು ಬಿಟ್ಟುಬಿಟ್ಟೆವು. ಈಗ ತನ್ನೂರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಜೋಸಿಯ ಹುಟ್ಟುಹಬ್ಬಕ್ಕೆ ತಪ್ಪದೆ ಕಾರ್ಡು ಕಳಿಸುತ್ತಾನೆ. ಅವನಿಗೆ ಒಳ್ಳೆಯದು ಮಾಡುತ್ತೇನೆಂದು ನಾನು ಮಾಡಿದ್ದು ಇದು.

ಡ್ರಾಫ್ಟ್ ಆದ ವಾರ ನಾನು ವಾಹನ ನಿಲ್ಲಿಸುವ ಜಾಗದಲ್ಲಿ ವೆಂಡೆಲ್ ಅವರನ್ನು ತಡೆದೆ. ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: 'ಪಟ್ಟಿ ಜಾರಿರ್ಬೇಕು ಕಣಮ್ಮ. ಅಯಸ್ಕಾಂತ ಹಳೇದಾಯ್ತು. ಮನೆಗ್ ಹೋಗಿ ಮಲಕ್ಕೋ.'

ಸಭಿಕರೇ, ಆ ಹಲಗೆಯ ಪಟ್ಟಿಗಳು ಜಾರುವುದು ನಿಜ. ಆದರೆ ಜಾರಿದ ಪಟ್ಟಿ ಕೆಳಗೆ ಬೀಳುತ್ತದೆ. ಮೂವತ್ತೊಂದು ವರ್ಷದಲ್ಲಿ ಯಾವ ಹೆಸರೂ ಮೇಲಕ್ಕೆ ಜಾರಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಮನೆಗೆ ಹೋಗಿ ಮಲಗಿದೆ. ನಾಚಿಕೆಯ ಸಂಗತಿ ಏನೆಂದರೆ, ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಈ ಫೆಬ್ರುವರಿಯಲ್ಲಿ, ಡಾರ್ಡೆನ್ ಆಯ್ಕೆಯಲ್ಲಿ ಎಡವಿದ್ದು ಯಾರೆಂದು ವಿಚಾರಣೆಯ ಸಭೆ ಕೂಡಿತು. 'ಹಲಗೆ ಯಾರದು?' ಎಂದು ಕೇಳಿದರು. ವೆಂಡೆಲ್ 'ನಂದು' ಎಂದರು. ನಾನು ಅವರಿಂದ ಮೂರು ಕುರ್ಚಿ ಆಚೆ ಇದ್ದೆ. ನಾನೇನು ಮಾಡಿದೆ ಗೊತ್ತೇ? ತಲೆ ತಗ್ಗಿಸಿ, ಟಿಪ್ಪಣಿ ಬರೆದುಕೊಳ್ಳುವವಳ ಹಾಗೆ, 'ಹಾಲು, ಡಯಾಪರ್, ಬಾಳೆಹಣ್ಣು' ಎಂದು ಬರೆದೆ. ಮನೆಯ ಆರೋಗ್ಯ ವಿಮೆ ನನ್ನ ಕೆಲಸದ್ದು. ಮಗುವಿನ ಕಿವಿಗೆ ಆಗ ತಾನೇ ಶಸ್ತ್ರಚಿಕಿತ್ಸೆಯಾಗಿತ್ತು. ಇವೆಲ್ಲ ನಿಜ. ಇವುಗಳಲ್ಲಿ ಯಾವುದೂ ವೆಂಡೆಲ್ ಅವರ ಹೆಸರಿಗಿಂತ ನನಗೆ ದೊಡ್ಡದಾಗಿ ಕಾಣಬಾರದಿತ್ತು. ಕಂಡಿತು.

ಇಂದಿನದು ಸ್ವಇಚ್ಛೆಯ ನಿವೃತ್ತಿ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಅಲ್ಲ. ಅದೇ ಪತ್ರಿಕೆಯ ಕೊನೆಯ ಸಾಲು ನೋಡಿ: 'ಶ್ರೀ ಪ್ರೂಟ್ ಅವರಿಂದ ಶ್ರೀಮತಿ ವೋಯ್ಚಿಕ್ ಅವರಿಗೆ ಹೆಸರಿನ ಪಟ್ಟಿಗಳ ಪೆಟ್ಟಿಗೆ ಹಸ್ತಾಂತರ.' ಅವರ ಕುರ್ಚಿ ನನಗೆ. ಆ ಪೆಟ್ಟಿಗೆಗೆ ನಾನು ಹೇಗೆ ಕೈ ಚಾಚಲಿ?

ಶ್ರೀಮತಿ ಬ್ರಾನಿಗನ್, ನಿಮ್ಮ ತಟ್ಟೆಯ ಕೆಳಗೆ ಒಂದು ಲಕೋಟೆ ಇದೆ. ಈಗ ಹೇಳಿದ್ದೆಲ್ಲ ಅದರಲ್ಲಿ ಬರೆದಿದೆ, ಕೆಳಗೆ ನನ್ನ ಸಹಿ ಇದೆ. ಆರು ಗಂಟೆಗೆ ಇಟ್ಟೆ. ಮಾತು ಮುಗಿಸಿ ಹೋಗುವಾಗ ಯಾರಿಗೂ ಕಾಣದಂತೆ ವಾಪಸು ಎತ್ತಿಕೊಳ್ಳೋಣ ಎಂದೂ ಯೋಚಿಸಿದ್ದೆ. ಅಷ್ಟು ಧೈರ್ಯ ನನ್ನದು. ದಯವಿಟ್ಟು ಈಗಲೇ ತೆಗೆದುಕೊಳ್ಳಿ. ನನ್ನನ್ನು ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು. ಆದರೆ ನಾಳೆಯ ಪತ್ರಿಕೆಗೆ ಅದರ ಪ್ರತಿ ಹೋಗಬೇಕು. ಆ ಸಂಜೆ ಡ್ರಾಫ್ಟ್ ಕೋಣೆಯಲ್ಲಿ ಇಳಿಯೋಣ ಎಂದವರು ಒಬ್ಬರೇ ಇದ್ದರು, ಅವರ ಹೆಸರು ವೆಂಡೆಲ್ ಪ್ರೂಟ್ ಎಂದು ಊರಿಗೆ ಗೊತ್ತಾಗಬೇಕು. ಮಿಸ್ ಓಪಲ್, ನಿಮ್ಮ ಫ್ರಿಜ್ಜಿನ ಮೇಲಿರುವುದನ್ನು ಕಿತ್ತುಹಾಕಿ. ಯಾರು ಅವಳು ಎಂದು ಕೇಳಿದಿರಲ್ಲ, ಅವಳು ನಾನು.

ಅಲ್ಲಿ ವೆಂಡೆಲ್ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಾರೆ. ಸಾಕು ಸುಮ್ಮನಿರು ಎನ್ನುತ್ತಿದ್ದಾರೇನೋ ಎಂದು ಆಗಿನಿಂದ ನೋಡುತ್ತಿದ್ದೆ. ಅಲ್ಲ. ಜೋಸಿ ಅವರ ಮುಂಗೈ ಮೇಲೆ ಬೋರಲಾಗಿ ನಿದ್ದೆ ಹೋಗಿದ್ದಾಳೆ. ಹಾಗೆ ಮಲಗಿಸುವುದನ್ನು ಅವರಿಗೆ ಎಜ್ರಾನೇ ಹೇಳಿಕೊಟ್ಟಿರಬೇಕು.

ನನ್ನ ಎಂಟು ನಿಮಿಷ ಯಾವಾಗಲೋ ಮುಗಿಯಿತು. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ವೆಂಡೆಲ್, ನೀವು ಏಳಬೇಡಿ. ನಾನೇ ಕೆಳಗೆ ಬರುತ್ತೇನೆ. ಸಭಿಕರಲ್ಲಿ ಒಂದೇ ಬೇಡಿಕೆ: ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಮಗು ಈಗಷ್ಟೇ ಮಲಗಿದೆ.

ನಮಸ್ಕಾರ.